ಹೆಸರಿಲ್ಲದ ಚಿತ್ತಾರಗಳಿಗೆ ಹೆಸರು ತಂದ ತಿಮ್ಮಮ್ಮ

ಬೆಳಿಗ್ಗೆ ಆರು ಗಂಟೆ. ಸೊರಬದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ತಿಮ್ಮಮ್ಮ ಹಳೆಯ ಮನೆಯೊಂದರ ಬಾಗಿಲು ತೆಗೆಯುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಣಬಟ್ಟೆ ಹಿಡಿದು ಒಂದೊಂದೇ ಚಿತ್ರದ ಚೌಕಟ್ಟು ಒರೆಸತೊಡಗುತ್ತಾರೆ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆದ ಹಸೆ ಚಿತ್ತಾರಗಳಿವು. ನೀರು ಸೋಕಿದರೆ ಹೋಯಿತು. ಬಿಸಿಲು ಪಡಸಾಲೆಗೆ ಬರುವಷ್ಟರಲ್ಲಿ ಪೂರ್ವದ ಕಿಟಕಿ ಮುಚ್ಚಿರುತ್ತದೆ.

ಇದು ಡ್ರಾಯಿಂಗ್ ಮೇಷ್ಟ್ರಾಗಿದ್ದ ರೇಣುಕಾಪ್ರಸಾದ್ ಅವರ ಮನೆ. ಹಳ್ಳಿಯ ಹೆಂಗಸರು ಮದುವೆಗೆಂದು ಗೋಡೆಗೆ ಬರೆಯುತ್ತಿದ್ದ ಚಿತ್ತಾರಗಳನ್ನು ಹಲಗೆಗಳ ಮೇಲೆ ಬರೆಸಿ, ಮೂವತ್ತು ವರ್ಷ ಕೂಡಿಟ್ಟವರು. ಅವರು ತೀರಿಕೊಂಡ ಮೇಲೆ ಮಗಳು ಶ್ರೀಲತಾ ಮನೆಯನ್ನೇ ವಸ್ತುಸಂಗ್ರಹಾಲಯ ಮಾಡಿದರು. ಏಳು ಕೋಣೆ, ನೂರಾ ಹದಿನೆಂಟು ಚಿತ್ರ. ದಿನಕ್ಕೆ ಹದಿನೈದಿಪ್ಪತ್ತು ಜನ ಬರುತ್ತಾರೆ, ಭಾನುವಾರ ಅರವತ್ತು. ಹಿಂದೆ ಕಸಮುಸುರೆಗೆ ಬರುತ್ತಿದ್ದ ತಿಮ್ಮಮ್ಮನೇ ಈಗ ಎಲ್ಲವನ್ನೂ ನೋಡಿಕೊಳ್ಳುವವರು. ವಯಸ್ಸು ಐವತ್ತೆಂಟು. ಅಕ್ಷರ ಬಾರದು.

ಅಕ್ಷರ ಬಾರದ ಆ ಕಣ್ಣಿಗೇ ಒಂದು ಸಂಗತಿ ಬಿತ್ತು. ಚಿತ್ರಗಳ ಕೆಳಗೆ ಚೀಟಿ ಅಂಟಿಸಿದ ದಿನ ಅವರು ಶ್ರೀಲತಾರನ್ನು ಕೇಳಿದರು: “ಅಮ್ಮಾ, ಇಷ್ಟಕ್ಕೂ ಒಬ್ಳದೇ ಹೆಸ್ರು ಯಾಕ್ರೀ? ಚೀಟಿ ಮೇಲಿನ ಗೀಟು ಎಲ್ಲಾ ಒಂದೇ ಥರ ಇದಾವಲ್ಲ?”

“ಹೆಸರಲ್ಲ ತಿಮ್ಮಮ್ಮ, ‘ಕಲಾವಿದೆ: ಗೊತ್ತಿಲ್ಲ’ ಅಂತ ಬರೆದಿರೋದು. ಬರೆದವರ ಹೆಸರಿದ್ದ ಅಪ್ಪನ ರಿಜಿಸ್ಟರಲ್ಲಿ ಎಷ್ಟೋ ಹಾಳೆ ಗೆದ್ದಲು ತಿಂದಿತ್ತಲ್ಲ.”

ಅಂಥವು ನಲವತ್ತೊಂದು.

“ಬರ್ದೋರು ಎಲ್ಲಿಗೆ ಹೋಗ್ತಾರ್ರೀ? ಇಲ್ಲೇ ಸುತ್ತಮುತ್ತ ಇರ್ತಾರೆ,” ಎಂದ ತಿಮ್ಮಮ್ಮ, ಮುಂದಿನ ಸೋಮವಾರ, ರಜೆಯ ದಿನ, ಚಿತ್ರಗಳ ಫೋಟೊ ಹಿಡಿದು ಬಸ್ಸು ಹತ್ತಿದರು. ಅಲ್ಲಿಂದ ಮೂರು ವರ್ಷ ಅವರಿಗೆ ಸೋಮವಾರದ ಬಿಡುವೆಂಬುದೇ ಇಲ್ಲ. ಕೆಲವರು ಏನೋ ಮಾರಲು ಬಂದವಳೆಂದು ಬಾಗಿಲಲ್ಲೇ ಸಾಗಹಾಕಿದರು. ತಿಮ್ಮಮ್ಮ ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು ಮತ್ತೆ ಹೊರಟರು. “ಒಬ್ಬೊಬ್ರ ಕೈ ಒಂದೊಂದು ಥರ. ಒಬ್ಳು ಎಳೆ ಬಿಗಿಯಾಗಿ ಎಳೀತಾಳೆ, ಇನ್ನೊಬ್ಳು ಸಡ್ಲ ಬಿಡ್ತಾಳೆ. ವಾರಗಿತ್ತೀರು ನೋಡಿದ ಕೂಡ್ಲೆ ಹೇಳ್ತಾರೆ.”

ಹಾಗೆ ಮೂವತ್ತನಾಲ್ಕು ಹೆಸರು ಸಿಕ್ಕಿವೆ.

ಈಸೂರಿನ ರಾಜೇಶ್ವರಮ್ಮ ಅವರಲ್ಲೊಬ್ಬರು. ಎಂಬತ್ತೆರಡರ ಅಜ್ಜಿ. ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, “ಇದು ನಂದವ್ವ. ತಂಗಿ ಮದುವ್ಯಾಗೆ ತೌರಾಗೆ ಮೇಷ್ಟ್ರು ಹಲಗಿ ಮ್ಯಾಲೆ ಬರ್ಸಿದ್ದು. ಇನ್ನೂ ಐತಾ?” ಎಂದರು. ಹೋದ ತಿಂಗಳು ಮೊಮ್ಮಗಳ ಜೊತೆ ಸೊರಬಕ್ಕೆ ಬಂದರು. ಅವರಿಗೂ ಓದು ಬಾರದು. ತಿಮ್ಮಮ್ಮ ಅಜ್ಜಿಯ ಬೆರಳು ಹಿಡಿದು ಚೀಟಿಯ ಮೇಲಿನ ಹೆಸರಿನುದ್ದಕ್ಕೂ ಮೆಲ್ಲಗೆ ಎಳೆದರು. “ಇಲ್ಲಿಂದ ಇಲ್ಲೀತನ್ಕ ನೀವೇ ಅಮ್ಮಾ.” ಅಜ್ಜಿ ಇನ್ನೊಂದು ಸಲ ಎಳೆಯಲು ಹೇಳಿದರು.

ಪತ್ರಿಕೆಯಲ್ಲಿ ಬರೆಯುತ್ತೇವೆ ಎಂದರೆ ತಿಮ್ಮಮ್ಮನಿಗೆ ನಗು. “ನನ್ನದೇನ್ ಬರೀತೀರಿ? ಆ ಹೆಂಗಸ್ರ ಹೆಸ್ರು ಬರೀರಿ.” ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಉಳಿದ ಏಳು ಚಿತ್ರಗಳತ್ತ ತಿರುಗುತ್ತಾರೆ.

“ಶ್ರೀಲತಮ್ಮಂಗೆ ಹೇಳಿದೀನಿ, ಆ ಚೀಟಿ ಬದ್ಲಾಯ್ಸಿ ಅಂತ. ಗೊತ್ತಿಲ್ಲ ಅಂದ್ರೆ ಅಲ್ಲಿಗೆ ಮುಗ್ದೇ ಹೋತು. ಹುಡುಕ್ತಾ ಇದೀವಿ ಅಂತ ಬರೀರಿ ಅಂದೆ.”