ಅರ್ಧ ಫ್ಲಾಪಿಯಷ್ಟು ಆಯಿ

ನಮ್ಮ ಮನೆಯ ಕಂಪ್ಯೂಟರಿಗೆ ನಾನೇ ಹೊಲಿದ ಒಂದು ಹೊದಿಕೆ ಇತ್ತು. ಹಳೆಯ ಹತ್ತಿ ಸೀರೆಯ ಸೆರಗನ್ನು ಕತ್ತರಿಸಿ, ಅಂಚು ಮುಂದೆ ಕಾಣುವ ಹಾಗೆ ಮಡಚಿ ಹೊಲಿದದ್ದು. ಶಿರಸಿಯ ಥಂಡಿಗೆ ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೇ ಬೂಷ್ಟು ಹಿಡಿಯುತ್ತದೆ, ಇನ್ನು ಈ ನಾಜೂಕಿನ ಪೆಟ್ಟಿಗೆಯ ಗತಿ ಏನೆಂಬ ಹೆದರಿಕೆ ನನಗೆ. ಮಧ್ಯಾಹ್ನದ ಊಟವಾಗಿ, ಪಾತ್ರೆ ತೊಳೆದು, ಕೈಯನ್ನು ಎರಡೆರಡು ಸಲ ಒರೆಸಿಕೊಂಡು ಆ ಹೊದಿಕೆಯನ್ನು ತೆಗೆಯುವಾಗ ದೇವರ ಕೋಣೆಯ ಬಾಗಿಲು ತೆರೆದಂಥ ಭಾವನೆ ಬರುತ್ತಿತ್ತು. ನಗಬೇಡಿ. ಆ ಪೆಟ್ಟಿಗೆಯೊಳಗೆ ನನ್ನ ಆಯಿ ಇದ್ದಳು.

ಆಯಿಯೆಂದರೆ ನನ್ನ ತಾಯಿ. ಸಿದ್ದಾಪುರದ ಕಡೆಯ ಮನ್ಮನೆ ಎಂಬ ಊರಿನವಳು. ಮದುವೆ, ಉಪನಯನ ಎಂದರೆ ಸುತ್ತಲಿನ ನಾಲ್ಕು ಊರಿನವರು ಅವಳನ್ನು ಹಾಡಿಗೆ ಕರೆಯುತ್ತಿದ್ದರು. ಎಣ್ಣೆ ಹಚ್ಚುವ ಹಾಡು, ಆರತಿಯ ಹಾಡು, ಬೀಗರನ್ನು ಕೆಣಕುವ ಹಾಡು, ಕೊನೆಗೆ ಹೆಣ್ಣನ್ನು ಒಪ್ಪಿಸಿಕೊಡುವ ಹಾಡು. ಅವಳ ಬಾಯಲ್ಲಿ ನಿಂತಿದ್ದ ಅವೆಲ್ಲ ವಯಸ್ಸಾದಂತೆ ಒಂದು ಉದ್ದ ಪಟ್ಟಿಗೆ, ಎಂದರೆ ಬರೆಯುವ ಪುಸ್ತಕಕ್ಕೆ, ಇಳಿದವು. ಅವಳು ತೀರಿಕೊಂಡ ಮೇಲೆ ಆ ಪಟ್ಟಿ ನನ್ನ ಪಾಲಿಗೆ ಬಂತು. ಬರುವಾಗಲೇ ಒರಲೆ ಅದರ ರಟ್ಟು ತಿಂದು ಒಳಗಿನ ಹಾಳೆಗಳ ರುಚಿ ನೋಡುತ್ತಿತ್ತು. ಮುಟ್ಟಿದರೆ ಪುಡಿಯಾಗುವ ಹಾಗಿತ್ತು.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಪ್ರಶ್ನೆಪತ್ರಿಕೆ ಮಾಡಲೆಂದು ಅವರು ತಂದಿಟ್ಟ ಕಂಪ್ಯೂಟರಿನಲ್ಲಿ ನಾನು ಒಂದು ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕುತ್ತ, ಎರಡು ವರ್ಷ ಕೂತು ಆ ಹಾಡುಗಳನ್ನೆಲ್ಲ ಹೊಡೆದೆ. ಮುಗಿದ ಮೇಲೆ ಪಟ್ಟಿಯನ್ನೇನು ಮಾಡುವುದು? ದೇವರ ಹೆಸರಿರುವ ಹಾಳೆಯನ್ನು ಬಚ್ಚಲೊಲೆಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ, ಒರಲೆಗೆ ಬಿಡುವುದಕ್ಕೂ ಮನಸ್ಸು ಬರಲಿಲ್ಲ. ಸ್ವರ್ಣವಲ್ಲಿ ಮಠಕ್ಕೆ ಹೋದ ದಿನ ಅರಿಶಿನ ಕುಂಕುಮ ಏರಿಸಿ, ಒಂದು ದಾಸವಾಳ ಇಟ್ಟು, ಶಾಲ್ಮಲೆ ಹೊಳೆಯ ನೀರಿಗೆ ಬಿಟ್ಟು ಕೈಮುಗಿದೆ. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ. ಮತ್ತೊಂದು ಪ್ರತಿ ಇಡಬೇಕೆಂದು ಹೊಳೆಯಲಿಲ್ಲ. ಸಕ್ಕರೆ ಡಬ್ಬಿ ಎರಡಿಟ್ಟುಕೊಳ್ಳುವ ನನಗೆ ಇದು ಹೊಳೆಯದೆ ಹೋದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಒಂದು ಮಧ್ಯಾಹ್ನ ಹೊದಿಕೆ ತೆಗೆದು ಸ್ವಿಚ್ ಒತ್ತಿದರೆ ಪೆಟ್ಟಿಗೆ ಮೂರು ಸಲ ಕೂಗಿ ಸುಮ್ಮನಾಯಿತು. ಪರದೆ ಕಪ್ಪಗೇ ಉಳಿಯಿತು.

"ಎಂತ ಒತ್ತಿದ್ಯೆ?" ಎಂದರು ಇವರು, ಶಾಲೆಯಿಂದ ಬಂದವರು ಚೀಲ ಕೂಡ ಇಳಿಸದೆ.

"ಆನು ಎಂತೂ ಒತ್ತಿದ್ನಿಲ್ಲೆ. ಸ್ವಿಚ್ ಒಂದೇ."

ಅವರು ಮತ್ತೆ ಒತ್ತಿದರು. ಮತ್ತೆ ಮೂರು ಕೂಗು. ತಂತಿಗಳನ್ನು ಕಿತ್ತು ಹಾಕಿದರು, ವೋಲ್ಟೇಜು ನೋಡಿದರು, ಕಡೆಗೆ ಗಣಿತದ ಮಾಸ್ತರರೂ ಪೆಟ್ಟಿಗೆಯ ನೆತ್ತಿಗೆ ಒಂದು ಮೊಟಕಿದರು. ನಾನು ಒಳಗೆ ಹೋಗಿ ದೀಪ ಹಚ್ಚಿ, ಹಾಡು ಸಿಕ್ಕಿದರೆ ಚಂದಗುಳಿಯ ಗಣಪತಿಗೆ ಒಂದು ಗಂಟೆ ಕಟ್ಟುತ್ತೇನೆಂದು ಹೇಳಿಕೊಂಡು ಬಂದೆ.

"ಗಣಪತಿಗೆ ಕಂಪ್ಯೂಟರ್ ಹೇಳದ್ರೆ ಎಂತ ಹೇಳಿ ಗೊತ್ತಿರ್ತಾ?" ಎಂದು ಇವರು ನಕ್ಕರು.

"ಮಹಾಭಾರತ ಬರದ ದೇವ್ರೇ ಅಲ್ದಾ ಅಂವ? ಗೊತ್ತಿರ್ತು," ಎಂದೆ.

ಮರುದಿನ ಬೆಳಿಗ್ಗೆ ವೀರಣ್ಣ ಬಂದರು. ಬನವಾಸಿ ಕಡೆಯವರು, ಪೇಟೆಯಲ್ಲಿ ರೇಡಿಯೋ ರಿಪೇರಿಯಿಂದ ಶುರುಮಾಡಿ, ಟಿ.ವಿ.ಗೆ ಏರಿ, ಈಗ ಕಂಪ್ಯೂಟರಿಗೆ ಬಂದು ಮುಟ್ಟಿದವರು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಮೂಗು ಒಳಗಿಟ್ಟು ನೋಡಿ, "ಅಕ್ಕಾರ, ಮನ್ಯಾಗ ಪೆನ್ಸಿಲ್ ಅಳಿಸೋ ರಬ್ಬರ್ ಐತೇನ್ರಿ?" ಎಂದರು. ಇಷ್ಟು ದೊಡ್ಡ ರೋಗಕ್ಕೆ ಇದೆಂಥ ಔಷಧಿ ಎಂದುಕೊಳ್ಳುತ್ತಲೇ ಕೊಟ್ಟೆ. ಒಳಗಿನಿಂದ ಒಂದು ಹಸಿರು ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಆ ರಬ್ಬರಿನಿಂದ ತಿಕ್ಕಿ, ತಿರುಗಿ ಕೂರಿಸಿದರು. ಥಂಡಿಗೆ ಕಪ್ಪು ಹಿಡಿದಿತ್ತಂತೆ. ಪರದೆಗೆ ಬೆಳಕು ಬಂತು. ಕೈ ಜೋಡಿಸುವಷ್ಟರಲ್ಲಿ ಒಳಗೆಲ್ಲೋ ಟಕ್, ಟಕ್ ಎಂಬ ಸದ್ದು ಶುರುವಾಯಿತು. ವೀರಣ್ಣನವರ ಮುಖ ಸಣ್ಣದಾಯಿತು.

"ಅದು ರಬ್ಬರಿಗೆ ಆತ್ರಿ. ಇದು ಬ್ಯಾರೆ. ನೀವು ಬರದದ್ದೆಲ್ಲ ಇರೋದು ಹಾರ್ಡ್‌ಡಿಸ್ಕಿನಾಗ, ಅದು ದಣದೈತಿ. ಒಂದ್ ಉಪಾಯ ಐತ್ರಿ. ಆದ್ರ ನೀವು ಬೈಬಾರ್ದು."

ಉಪಾಯ ಕೇಳಿ ನಾನು ಬೈಯಲಿಲ್ಲ. ಆ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದ ಹಾಗೆ ಕಟ್ಟಿ ಫ್ರಿಜ್ಜಿನ ಐಸಿನ ಖಾನೆಯಲ್ಲಿ ಇಡಬೇಕಂತೆ. ತಣ್ಣಗಾದರೆ ಕೆಲವು ಸಲ ಸ್ವಲ್ಪ ಹೊತ್ತು ಓಡುತ್ತದಂತೆ, ಆಮೇಲೆ ಓಡುತ್ತದೆಂಬ ಭರವಸೆ ಇಲ್ಲವಂತೆ. ನೈವೇದ್ಯದ ಹಾಲು ಇಡುವ ಫ್ರಿಜ್ಜು. ಹಾಲನ್ನು ಹೊರಗಿಟ್ಟೆ, ಡಿಸ್ಕನ್ನು ಒಳಗಿಟ್ಟೆ. ಅಡುಗೆ ಮಾಡುತ್ತ ಫ್ರಿಜ್ಜಿನ ಕಡೆಗೇ ಕಿವಿ. ಆಸ್ಪತ್ರೆಯಲ್ಲಿ ಆಯಿಯನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಾಗ ಹೊರಗಿನ ಬೆಂಚಿನಲ್ಲಿ ಹೀಗೇ ಕೂತಿದ್ದೆ. ಅವತ್ತು ಹರಕೆ ಹೇಳಿಕೊಳ್ಳುವುದಕ್ಕೂ ಸಮಯ ಸಿಕ್ಕಿರಲಿಲ್ಲ. ಈ ಸಲ ಸಿಕ್ಕಿದೆ, ಕರೆಂಟು ಹೋಗಿಲ್ಲ, ಹಾಲು ಕೆಟ್ಟಿಲ್ಲ ಎಂದು ದೇವರು ಕೊಟ್ಟದ್ದನ್ನು ಒಂದೊಂದಾಗಿ ಎಣಿಸಿಕೊಂಡೆ. ಎಣಿಸುತ್ತ ಕೂತರೆ ಅಳು ಮುಂದಕ್ಕೆ ಹೋಗುತ್ತದೆ, ನೀವೂ ಮಾಡಿ ನೋಡಿ.

ಮೂರು ಗಂಟೆಗೆ ವೀರಣ್ಣ ತಮ್ಮ ಅಂಗಡಿಯ ಕಂಪ್ಯೂಟರನ್ನೇ ಹೊತ್ತು ತಂದು, ಡಿಸ್ಕನ್ನು ತೆಗೆದು, ಮೇಲಿನ ನೀರೊರೆಸಿ ಅದಕ್ಕೆ ಜೋಡಿಸಿದರು. "ಎಷ್ಟೊತ್ತು ನಡೀತೈತೋ ಗೊತ್ತಿಲ್ರಿ. ಮೊದ್ಲು ಯಾವ್ದು ತಗೀಲಿ? ಒಂದ ಹೇಳ್ರಿ."

ನಾನು ಇವರ ಮುಖ ನೋಡಿದೆ. ಅವರ ಹತ್ತಾರು ವರ್ಷದ ಲೆಕ್ಕಗಳು, ಒಂದು ಪುಸ್ತಕ ಮಾಡಬೇಕೆಂದು ಇಟ್ಟುಕೊಂಡಿದ್ದ ಪಾಠಗಳು ಎಲ್ಲ ಅದರಲ್ಲೇ ಇದ್ದವು. ಇವರು ಕನ್ನಡಕ ಒರೆಸಿಕೊಳ್ಳುತ್ತ, "ಅತ್ತೆ ಹಾಡು ತೆಗಿರಿ," ಎಂದರು. ಮದುವೆಯಾದ ಇಪ್ಪತ್ತು ವರ್ಷಗಳಲ್ಲಿ ಇವರು ನನಗೆ ಕೊಟ್ಟ ಒಡವೆಗಳಲ್ಲಿ ಆ ಮೂರು ಮಾತಿನ ತೂಕ ಯಾವುದಕ್ಕೂ ಇಲ್ಲ.

ಪರದೆಯ ಮೇಲೆ ಒಂದು ನೀಲಿ ಗೆರೆ ಓಡಿತು. ರಾಮನಾಮ ಹತ್ತು ಸಲ ಹೇಳುವಷ್ಟರಲ್ಲಿ ಮುಗಿಯಿತು. ವೀರಣ್ಣ ಹಾಡು ತುಂಬಿಸಿದ ಅಂಗೈಯಗಲದ ಫ್ಲಾಪಿಯನ್ನು ತೆಗೆದು ನನ್ನ ಕೈಯಲ್ಲಿಟ್ಟು, ಮತ್ತೊಂದಕ್ಕೂ ಹಾಕಿಕೊಟ್ಟರು. ಇವರ ಪಾಠಗಳು ಅರ್ಧ ಬರುವಷ್ಟರಲ್ಲಿ ಡಿಸ್ಕು ಮತ್ತೆ ಟಕ್ ಎಂದು ನಿಂತುಹೋಯಿತು, ಆಮೇಲೆ ಏಳಲಿಲ್ಲ.

"ನಿಮ್ಮ ಹಾಡು ಅಷ್ಟೂ ಬಂದಾವ್ರಿ ಅಕ್ಕಾರ. ಅರ್ಧ ಫ್ಲಾಪಿ ಸೈತ ತುಂಬಿಲ್ಲ. ಇನ್ನೂ ಭಾಳ ಜಾಗ ಐತ್ರಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದನ್ನು ಕೇಳಿ ನಾನು ಚಹಾ ಮಾಡುವ ನೆಪದಿಂದ ಒಳಗೆ ಹೋಗಿ, ಪಾತ್ರೆಗೆ ನೀರು ಹಾಕಿ, ಒಲೆ ಹಚ್ಚುವುದನ್ನು ಮರೆತು ನಿಂತುಬಿಟ್ಟೆ.

ಯಾಕೆಂದರೆ ಆಯಿಯ ಪಟ್ಟಿಯಲ್ಲಿ ಹಾಡುಗಳಷ್ಟೇ ಇರಲಿಲ್ಲ. ಹಾಡಿನ ಪಕ್ಕದಲ್ಲಿ, ಅಡಿಯಲ್ಲಿ, ಜಾಗ ಸಿಕ್ಕಲ್ಲೆಲ್ಲ ಅವಳು ಏನಾದರೂ ಗೀಚಿರುತ್ತಿದ್ದಳು. 'ಇಲ್ಲಿ ನಿಧಾನ, ಎಣ್ಣೆ ಬಟ್ಟಲು ಇನ್ನೂ ಬಂದಿರ್ತಿಲ್ಲೆ.' 'ಇದು ಗಣಪಕ್ಕ ಕಲಿಸಿದ್ದು, ಅವಳಿಗೆ ಒಂದು ಸೀರೆ ಕೊಡವು.' 'ಬೀಗರು ಬೇಗ ಎದ್ದರೆ ಮೂರು ನುಡಿ ಬಿಡುದು.' ಅಚ್ಚುಕಟ್ಟಿನ ಹೆಂಗಸು ನಾನು. ಅಕ್ಕಿಯಲ್ಲಿನ ಕಲ್ಲಿನ ಹಾಗೆ ಅವನ್ನೆಲ್ಲ ಆರಿಸಿ ತೆಗೆದು, ಹಾಡುಗಳನ್ನು ಮಾತ್ರ ಹೊಡೆದಿದ್ದೆ. ಜಾಗ ಉಳಿಸಿದೆನೆಂಬ ಹೆಮ್ಮೆ ಬೇರೆ. ಹಾಡುಗಳೇನು, ಊರಿನ ಬೇರೆ ಹೆಂಗಸರ ಬಾಯಲ್ಲೂ ಹುಡುಕಿದರೆ ಸಿಕ್ಕಾವು. ಗಣಪಕ್ಕನಿಗೆ ಸೀರೆ ಕೊಡಬೇಕೆಂದುಕೊಂಡವಳು ಎಲ್ಲಿ ಸಿಗುತ್ತಾಳೆ? ಒಪ್ಪಿಸಿಕೊಡುವ ಹಾಡಿನ ಅಡಿಯಲ್ಲಿ ಪೆನ್ಸಿಲ್ಲಿನಿಂದ ಎರಡು ಸಾಲು ಇದ್ದವು. ಅಕ್ಷರ ಮಾಸಿತ್ತು, ಬೆಳಕಿಗೆ ಹಿಡಿದು ನೋಡಬೇಕಿತ್ತು. ಇನ್ನೊಮ್ಮೆ ಓದಿದರಾಯಿತೆಂದು ಹಾಳೆ ಮಗುಚಿದ್ದೆ. ಅದನ್ನು ನಾನು ಓದಲೇ ಇಲ್ಲ.

ಹರಕೆಯ ಗಂಟೆ ಹಿಡಿದು ಯಲ್ಲಾಪುರದ ಬಸ್ಸು ಹತ್ತಿದೆ. ಚಂದಗುಳಿಯಲ್ಲಿ ಭಕ್ತರು ಕಟ್ಟಿದ ಸಾವಿರಾರು ಗಂಟೆಗಳ ನಡುವೆ ನಮ್ಮದನ್ನೂ ಕಟ್ಟಿಸಿ, ಅಲ್ಲೇ ಹತ್ತಿರದಲ್ಲಿರುವ ಚಿಕ್ಕಿಯ ಮನೆಗೆ ಹೋದೆ. ಚಿಕ್ಕಿ ಆಯಿಯ ತಂಗಿ, ಅವಳ ಜೊತೆಗೇ ಹಾಡುತ್ತಿದ್ದವಳು. ಒಪ್ಪಿಸಿಕೊಡುವ ಹಾಡಿನ ಅಡಿಯಲ್ಲಿ ಏನು ಬರೆದಿದ್ದಳೆಂದು ಕೇಳಿದೆ.

"ಎಂಗೆಂತ ಗೊತ್ತೇ ತಂಗಿ? ಅಕ್ಕ ಪಟ್ಟಿ ಯಾರಿಗೂ ತೋರಿಸ್ತಿತ್ತಿಲ್ಲೆ," ಎಂದಳು ಚಿಕ್ಕಿ, ಹುರುಳಿ ಕೇರುವುದನ್ನು ನಿಲ್ಲಿಸದೆ. ಆಮೇಲೆ ಮೊರ ಕೆಳಗಿಟ್ಟಳು. "ಊರಿನ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಕಳಿಸಿದ್ದು ಅವಳೇ. ನಿನ್ನ ಮದುವೇಲಿ ಮಾತ್ರ ಆ ಹಾಡು ಆನೇ ಹೇಳಿದ್ದು. ಅಕ್ಕ ಒಳಗೆ ಹೋಗಿ ಕೂತಿತ್ತು. ನಿಂಗೆ ಗೊತ್ತಿಲ್ಯ?"

ನನಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಕೂತಿದ್ದ ಮದುಮಗಳಿಗೆ, ಹಾಡಿದ ದನಿ ಯಾರದೆಂದು ಕೇಳುವ ಸ್ಥಿತಿ ಎಲ್ಲಿತ್ತು? ಇಷ್ಟು ವರ್ಷ ಅದು ಆಯಿಯದೇ ದನಿಯೆಂದು ನಂಬಿ ಬದುಕಿದ್ದೆ. ಆ ಎರಡು ಸಾಲು ಅದರ ಕುರಿತೇ ಇದ್ದವೋ, ಯಾವುದೋ ಹಾಲಿನ ಲೆಕ್ಕವೋ, ಈಗ ಶಾಲ್ಮಲೆಗೆ ಮಾತ್ರ ಗೊತ್ತು.

ಹೊಸ ಹಾರ್ಡ್‌ಡಿಸ್ಕು ಬಂದ ಮೇಲೆ ಮತ್ತೆ ಕೂತೆ. ಒಂದೊಂದು ಹಾಡಿನ ಪಕ್ಕದಲ್ಲೂ ನೆನಪಿದ್ದಷ್ಟು ಹೊಡೆದೆ: ಎಣ್ಣೆ ಬಟ್ಟಲು, ಗಣಪಕ್ಕನ ಸೀರೆ, ಬೀಗರು ಏಳುವುದು. ಹಾಡುವಾಗ ಆಯಿ ಬಾಯಲ್ಲೇ ಹೇಳುತ್ತಿದ್ದಳೆಂದು ಚಿಕ್ಕಿ ನೆನಪಿಸಿದ ಇನ್ನೂ ನಾಲ್ಕಾರು ಸೇರಿದವು. ಒಪ್ಪಿಸಿಕೊಡುವ ಹಾಡಿನ ಅಡಿಗೆ ಬಂದಾಗ ಕೈ ನಿಂತಿತು. ಊಹಿಸಿ ಬರೆಯಲು ಮನಸ್ಸಾಗಲಿಲ್ಲ. ಸಾಲು ಬಿಡುವ ಕೀಲಿಯನ್ನು ಎರಡು ಸಲ ಒತ್ತಿ ಮುಂದಿನ ಹಾಡಿಗೆ ಹೋದೆ. ಈಗ ಎಲ್ಲವನ್ನೂ ಮೂರು ಫ್ಲಾಪಿಗಳಲ್ಲಿ ಹಾಕಿ, ಒಂದು ನಮ್ಮಲ್ಲಿ, ಒಂದು ಮನ್ಮನೆಯಲ್ಲಿ, ಒಂದು ಚಿಕ್ಕಿಯ ಮನೆಯಲ್ಲಿ ಇಟ್ಟಿದ್ದೇನೆ. ಚಿಕ್ಕಿಯಲ್ಲಿ ಕಂಪ್ಯೂಟರ್ ಇಲ್ಲ, ಅವಳು ಅದನ್ನು ದೇವರ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ.

ಕಾಗದದ ಮೇಲೂ ಒಂದು ಇರಲಿ ಎಂದು ಇವರು ಪ್ರಿಂಟ್ ತೆಗೆಯಲು ಕೂತವರು ಒಂದು ಪುಟದಲ್ಲಿ ತಡೆದು, "ಇಲ್ಲಿ ಎರಡು ಸಾಲು ಖಾಲಿ ಬಿಟ್ಟು ಹೋಜಲೇ. ತೆಗೆದುಬಿಡ್ಲಾ?" ಎಂದು ಕೇಳಿದರು.

"ಬ್ಯಾಡ," ಎಂದೆ. "ಅದು ಆಯಿ ಬರದ್ದು."