ನಮ್ಮಜ್ಜನ ಮೇಲಿನ ದೋಣಿ

ಆ ದೋಣಿಯಲ್ಲಿ ನನಗೆ ಹಿಡಿಸಿದವರು ಒಬ್ಬರೂ ಇರಲಿಲ್ಲ. ಧಣಿಯಂತೂ ಇಲ್ಲವೇ ಇಲ್ಲ. ಹೆತ್ತೂರಿನ ಕಡೆ ಎಸ್ಟೇಟು, ಎಸ್ಟೇಟಿನೊಳಗೆ ರೆಸಾರ್ಟು ಇಟ್ಟುಕೊಂಡಿದ್ದ ಆತನಿಗೆ ಆಲೂರು ಕಡೆಯ ಹೇಮಾವತಿ ಹಿನ್ನೀರಿನಲ್ಲಿ ದೋಣಿ ಬಿಡುವ ಚಪಲ ಹತ್ತಿತು. ದೋಣಿ ಎಂದರೆ ಅವನ ಮುಖ ಗಂಟಾಗುತ್ತಿತ್ತು, ಕ್ರೂಸ್ ಎನ್ನಬೇಕಿತ್ತು. ತಗಡಿನ ಚಾವಣಿ, ಪ್ಲಾಸ್ಟಿಕ್ ಕುರ್ಚಿ, ಹಿಂದುಗಡೆ ಮೆಣಸಿನಕಾಯಿ ಬಜ್ಜಿ ಕರಿಯುವ ಒಲೆ. ಇಂಥ ಕ್ರೂಸಿಗೆ ಒಬ್ಬ ಉಪನ್ಯಾಸಕಿಯೂ ಬೇಕೆಂದು, ಸಕಲೇಶಪುರದಲ್ಲಿ ಕಾಲೇಜು ಮಕ್ಕಳಿಗೆ ಇತಿಹಾಸ ಹೇಳುತ್ತಿದ್ದ ನನ್ನನ್ನು ಶನಿವಾರ ಭಾನುವಾರಕ್ಕೆ ಗೊತ್ತುಮಾಡಿ ಕೈಗೆ ಮೈಕು ಕೊಟ್ಟ.

ನಾನು ಒಪ್ಪಿದ್ದು ಇತಿಹಾಸದ ಮೇಲಿನ ಪ್ರೀತಿಗಲ್ಲ. ಆ ನೀರಿನ ಕೆಳಗೆ ನನ್ನ ಅವ್ವನ ತವರೂರಿದೆ. ಅಣೆಕಟ್ಟು ಕಟ್ಟಿದಾಗ ಜನ ಕುಂದೂರು ಕಡೆಗೆ ಬಂದರು, ದನ ಬಂದವು, ಬಾಗಿಲು ತೊಲೆಗಳೂ ಗಾಡಿಯಲ್ಲಿ ಬಂದವು. ಅಜ್ಜ ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಹೊಲದ ಮೂಲೆಯಲ್ಲಿ ಕೂರಿಸಿ ಮಣ್ಣು ಮಾಡುತ್ತೇವೆ. ಆ ಜಾಗದ ಮೇಲೆ ಚಪ್ಪಲಿ ಕಾಲಿಡುವಂತಿಲ್ಲ. ಪ್ರತಿ ವರ್ಷ ಹಿರಿಯರ ಪೂಜೆಯ ದಿನ ಅವ್ವ ನಮ್ಮನ್ನು ದಡಕ್ಕೆ ಕರೆದೊಯ್ದು, ನೀರಿನ ಕಡೆ ಬೆರಳು ತೋರಿಸುತ್ತಾ ಇಡೀ ಊರು ಸುತ್ತಿಸುತ್ತಿದ್ದಳು. ಆಚೆ ದಡದ ಬೋಳುಬಂಡೆಯ ನೇರಕ್ಕೆ ಅಜ್ಜ, ಅವನಿಂದ ಮುಂದೆ ಕಣ, ಬಾವಿ, ಕೊಟ್ಟಿಗೆ, ತಿಪ್ಪೆ. ಏನನ್ನೂ ಬಿಡುತ್ತಿರಲಿಲ್ಲ.

ದೋಣಿ ಬೋಳುಬಂಡೆಯ ನೇರಕ್ಕೆ ಬಂದಾಗಲೆಲ್ಲ ನಾನು ಸದ್ದಿಲ್ಲದೆ ಚಪ್ಪಲಿ ಬಿಡುತ್ತಿದ್ದೆ. ಒಂದು ಭಾನುವಾರ ಅತಿಥಿಗಳ ತಂಡವೊಂದು ಸರಿಯಾಗಿ ಅಲ್ಲೇ ಹಾಡು ಹಾಕಿಸಿಕೊಂಡು, ಬೂಟುಗಾಲಲ್ಲಿ ಹಲಗೆ ಮುರಿಯುವಂತೆ ಕುಣಿಯತೊಡಗಿತು. ನನ್ನ ಬರಿಗಾಲು ಕಂಡ ಒಬ್ಬಾಕೆ, "ಏನ್ ಮೇಡಂ, ಕಾಲು ನೋವಾ?" ಎಂದಳು. ನನಗೆ ಮೈಯೆಲ್ಲ ಉರಿಯಿತು. ಮೈಕಿನಲ್ಲೇ ಹೇಳಿದೆ: "ನೀವು ಕುಣೀತಿರೋದು ನಮ್ಮಜ್ಜನ ಸಮಾಧಿ ಮೇಲೆ."

ನಾಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಎಲ್ಲಿಯ ನಾಚಿಕೆ! ಅವರಿಗೆ ಹಬ್ಬವೇ ಆಯಿತು. ಹಾಡು ನಿಂತಿತು, ಬೂಟುಗಳು ಕಳಚಿದವು, ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದರು. ಒಬ್ಬ ಮಾತ್ರ ಕಣ್ಣು ಬಿಟ್ಟುಕೊಂಡು ವಿಡಿಯೊ ಮಾಡಿದ.

ಮುಂದಿನ ಶನಿವಾರ ನಾನು ಹೋಗುವಷ್ಟರಲ್ಲಿ ಧಣಿ ಚಪ್ಪಲಿ ಇಡಲು ಬೆತ್ತದ ಬುಟ್ಟಿ ತರಿಸಿದ್ದ. ಚಹಾ ಆದ ಮೇಲೆ, ಬಜ್ಜಿಗೆ ಮೊದಲು, 'ಬರಿಗಾಲ ನಮನ' ಅಂತೆ. "ಅವತ್ತಿನ್ ಥರಾನೇ ಹೇಳಿ ಮೇಡಂ. ಕೊನೇಲಿ ಒಂಚೂರು ಗಂಟ್ಲು ಕಟ್ಕೊಂಡ್ರೆ ಇನ್ನೂ ಚೆನ್ನಾಗಿರ್ತೈತೆ" ಎಂದ. ಅವನ ಗಂಟಲು ಹಿಸುಕಬೇಕು ಅನ್ನಿಸಿತು.

"ನನ್ನಿಂದಾಗಲ್ಲ" ಎಂದೆ.

"ಬೇಡ ಬಿಡಿ. ಡ್ರೈವರ್ ಹೇಳ್ತಾನೆ. ಅವ್ನಿಗೆ ಆಗ್ಲೇ ಬಾಯಿಪಾಠ ಆಗ್ಬುಟ್ಟೈತೆ."

ಕಂಡವರ ಬಾಯಲ್ಲಿ ಅಜ್ಜನನ್ನು ಹಾಕುವುದಕ್ಕಿಂತ ನಾನೇ ಹೇಳುವುದು ಮೇಲು ಎಂದುಕೊಂಡು ಮೈಕು ಹಿಡಿದೆ.

ಆ ವಿಡಿಯೊ ಊರೆಲ್ಲ ಸುತ್ತಿ ಅಕ್ಕನ ಮಗಳ ಫೋನಿನಲ್ಲಿ ಅವ್ವನ ಕಣ್ಣಿಗೆ ಬಿತ್ತು. "ನಮ್ಮಪ್ಪನ್ನ ಕೋಡಂಗಿ ಮಾಡ್ಬುಟ್ಯಲ್ಲೇ. ನೀರಲ್ಲಾದ್ರೂ ನೆಮ್ಮದಿಯಾಗಿ ಕೂತಿದ್ದ" ಎಂದಳು. ಅಷ್ಟೇ. ಅಲ್ಲಿಂದ ನನ್ನೊಂದಿಗೆ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ. ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿ ಗೋಡೆಗೆ ಹೇಳುವಳು: "ಕುಡಿಯೋರು ಕುಡೀಬೋದು." ಈ ವಯಸ್ಸಿನಲ್ಲಿ ಹೀಗೆ ಮಾತು ಬಿಟ್ಟವಳು ಹಾಗೇ ಹೋಗಿಬಿಟ್ಟರೆ ಎಂಬ ಭಯ ನನ್ನನ್ನು ತಿನ್ನತೊಡಗಿತು. ಧಣಿಯನ್ನು ಕಂಡರೆ ಮೊದಲು ಸಿಟ್ಟು ಬರುತ್ತಿತ್ತು. ಈಗ ದ್ವೇಷವೇ ಬರುತ್ತಿತ್ತು.

ಮರುವಾರ ದೋಣಿ ಬೋಳುಬಂಡೆಯ ನೇರಕ್ಕೆ ಬಂದಾಗ ನಾನು ನಿಲ್ಲಿಸುವ ಸನ್ನೆ ಮಾಡಲಿಲ್ಲ. ಡ್ರೈವರ್ ವನಗೂರಿನವನು, ಮೊನ್ನೆಮೊನ್ನೆಯವರೆಗೂ ಜೀಪು ಓಡಿಸುತ್ತಿದ್ದವನು. ಈ ನೀರಿನ ಕೆಳಗಿನ ಊರು ಅವನಿಗೇನು ಗೊತ್ತು?

"ಅಜ್ಜನ್ ಜಾಗ ದಾಟೋಯ್ತಲ್ಲ ಮೇಡಂ?"

"ಇಷ್ಟು ದಿನ ತಪ್ಪು ಹೇಳಿದ್ದೆ ಕಣಪ್ಪ. ಸರಿಯಾದ ಜಾಗ ಇನ್ನೂ ಮುಂದೈತೆ."

"ಅಯ್ಯೋ ಮಾರಾಯ್ತಿ, ಅಜ್ಜನ್ನೂ ಮರ್ತೋಯ್ತಾರಾ!" ಎಂದು ಗೊಣಗುತ್ತಾ ನಾನು ತೋರಿಸಿದಲ್ಲಿ ಇಂಜಿನ್ ಆಫ್ ಮಾಡಿದ. ಅಂದಿನಿಂದ ಬುಟ್ಟಿ, ಬರಿಗಾಲು, ಮುಗಿದ ಕೈ ಎಲ್ಲವೂ ಆ ಹೊಸ ಜಾಗದಲ್ಲೇ. ಅಲ್ಲಿ ನನ್ನ ಗಂಟಲೂ ಧಾರಾಳವಾಗಿ ಕಟ್ಟುತ್ತಿತ್ತು. ಧಣಿಗೆ ಬಲು ಖುಷಿ.

ಇದನ್ನು ಅವ್ವನಿಗೆ ಹೇಳೋಣವೆಂದರೆ ಅವಳು ಕೇಳಿಸಿಕೊಂಡರೆ ತಾನೆ? ಒಂದು ಭಾನುವಾರ ದೋಣಿಗೆ ಬರಲಿ ಎಂದು ಅಕ್ಕನ ಮಗಳ ಕೈಲಿ ಹೇಳಿಸಿದೆ. "ಬತ್ತೀನಿ. ಆ ಧಣಿ ಮುಖಕ್ಕೆ ಉಗ್ದೇ ಬತ್ತೀನಿ" ಎಂದು ಹೊರಟಳು. ದೋಣಿಯಲ್ಲಿ ನನ್ನತ್ತ ನೋಡಲೂ ಇಲ್ಲ. ಧಣಿ ಎದುರಿಗೇ ಕೂತಿದ್ದ. ಎಲ್ಲರ ಮುಂದೆ ಅವನಿಗಿಂತ ಮೊದಲು ನನಗೇ ಬೈದಾಳೆಂದು ನಾನು ಮೈಕು ಹಿಡಿದು ದೂರವೇ ನಿಂತೆ.

ಬೋಳುಬಂಡೆ ಬಂತು. ನಾನು ಬಾಯಿ ಬಿಡಲಿಲ್ಲ, ಇಂಜಿನ್ ಸದ್ದು ಇಳಿಯಲಿಲ್ಲ, ಅತಿಥಿಗಳು ಫೋನಿನಿಂದ ತಲೆ ಎತ್ತಲಿಲ್ಲ. ಅವ್ವ ಮಾತ್ರ ಚಪ್ಪಲಿಯನ್ನು ಕುರ್ಚಿಯ ಕೆಳಗೆ ತಳ್ಳಿ, ಬರಿಗಾಲನ್ನು ಹಲಗೆಯ ಮೇಲೆ ಊರಿ, ನೀರನ್ನೇ ನೋಡುತ್ತಾ ಕೂತಳು. ನಾನೂ ಚಪ್ಪಲಿ ಬಿಟ್ಟು ನಿಂತೆ. ಅಜ್ಜ ನಮ್ಮಿಬ್ಬರ ಕಾಲ ಕೆಳಗೆ ತಣ್ಣಗೆ ದಾಟಿಹೋದ.

ಮುಂದೆ ದೋಣಿ ನಿಂತಿತು. ಬುಟ್ಟಿ ಬಂತು. ನಾನು ಮಾತು ಶುರುಮಾಡಿದೆ. ಧಣಿಯೂ ಅತಿಥಿಗಳ ಜೊತೆ ಬೂಟು ಕಳಚಿ, ಕಣ್ಣು ಮುಚ್ಚಿ, ಕೈ ಮುಗಿದ. ಅವ್ವ ಬೋಳುಬಂಡೆ ನೋಡಿದಳು, ನೀರು ನೋಡಿದಳು, ಆಮೇಲೆ ಆ ಕೈಗಳನ್ನು ನೋಡಿದಳು. ಚಪ್ಪಲಿ ಎಳೆದು ಮೆಟ್ಟಿಕೊಂಡು ನೆಟ್ಟಗೆ ನನ್ನ ಬಳಿ ಬಂದು, ಅಷ್ಟು ದಿನಗಳ ಮೇಲೆ ಮೊದಲ ಬಾರಿಗೆ, ನನ್ನ ಕಿವಿಯಲ್ಲಿ ಮಾತಾಡಿದಳು.

"ಇವ್ರೆಲ್ಲ ಯಾಕೇ ನಮ್ ತಿಪ್ಪೆಗುಂಡಿಗೆ ಕೈ ಮುಗೀತಾವ್ರೆ?"

"ಸುಮ್ನಿರವ್ವ" ಎಂದೆ.

ಅವಳು ಸುಮ್ಮನಿರಲಿಲ್ಲ. ಧಣಿಯ ಪಕ್ಕಕ್ಕೆ ಹೋಗಿ ಅವನ ಬೆನ್ನಿನ ಮೇಲೆ ಕೈಯಿಟ್ಟಳು.

"ಇನ್ನೊಂಚೂರು ಬಗ್ಗಪ್ಪ. ಬಗ್ಗಿ ಕೈ ಮುಗಿ."