ಮೂರು ಸಲ ಹೊರಟ ಗಂಟು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಅರವತ್ತೊಂದನೆಯ ಇಸವಿಯೋ ಅರವತ್ತೆರಡೋ ಎಂದು ಆಣೆಯಿಟ್ಟು ಹೇಳಲಾರೆ. ನಮಗೆ ಹಾಲು ಹಾಕುತ್ತಿದ್ದ ನಂಜಮ್ಮನ ಎಮ್ಮೆಗೆ ಆಗ ಒಂದೇ ಕೊಂಬಿತ್ತೆಂದು ನನ್ನ ನೆನಪು. ನಂಜಮ್ಮನನ್ನು ಕೇಳಿದರೆ, ತನ್ನ ಮನೆತನಕ್ಕೇ ಅವಮಾನ ಮಾಡಿದೆನೆಂಬಂತೆ ನೋಡುತ್ತಾಳೆ. ಕಾಲೇಜು ಸೇರಿದಾಗಿನಿಂದ ದಿನಚರಿ ಬರೆಯುತ್ತಿದ್ದೇನೆ, ನಿಜ. ಆದರೆ ಆ ಶರತ್ಕಾಲದ ಪುಟಗಳಲ್ಲಿ ಸಿಗುವುದು ಎರಡೇ ಮಾತು: “ಇವತ್ತೂ ಹೊರಡಲಿಲ್ಲ.” ಹೆದರಿದವರು ದಿನಚರಿ ಬರೆಯುವುದಿಲ್ಲ, ಬರಿಯ ಹಾಜರಿ ಹಾಕುತ್ತಾರೆ.

ಹೊರಡಬೇಕಾಗಿದ್ದದ್ದು ಮದರಾಸಿಗೆ. ನನ್ನ ಅಕ್ಕ ವಿಶಾಲು ಮದುವೆಯಾಗಿ ಹೋದ ಊರು ಅದು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಪದ್ಧತಿ. ಆದರೆ ಏಳನೆಯ ತಿಂಗಳಲ್ಲಿ ಅವಳ ಕಾಲು ಊದಿಕೊಂಡು, ರಕ್ತದೊತ್ತಡ ಏರಿ, ಅಲ್ಲಿನ ಲೇಡಿ ಡಾಕ್ಟರು ರೈಲು ಹತ್ತಲೇಕೂಡದು ಎಂದುಬಿಟ್ಟರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಎದ್ದು ಮಗಳ ಹತ್ತಿರ ಹೋಗಬೇಕು. ತವರು ಅಂದರೆ ಅಮ್ಮ. ಅಪ್ಪನಿಗೆ ಕಚೇರಿಯಲ್ಲಿ ರಜ ಸಿಗಲಿಲ್ಲ. ಹಾಗಾಗಿ ಅಮ್ಮನ ಬೆಂಗಾವಲಿಗೆ, ದಸರಾ ರಜದಲ್ಲಿ ಮನೆಯಲ್ಲಿ ಕೂತಿದ್ದ, ಬಿ.ಎ. ಕೊನೆಯ ವರ್ಷದ ನಾನು ನೇಮಕವಾದೆ. ಬೆಂಗಾವಲು ಎಂದದ್ದಕ್ಕೆ ನಗಬೇಡಿ. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ನಾನೇ ಎಂದು ಆಗ ನಂಬಿಕೊಂಡಿದ್ದೆ.

ನನ್ನ ಹೆದರಿಕೆ ಸಮುದ್ರದ್ದು. ಅಲ್ಲಿಯವರೆಗೆ ನಾನು ಕಂಡ ಅತಿ ದೊಡ್ಡ ನೀರೆಂದರೆ ಯಡಿಯೂರು ಕೆರೆ. ಅದರಲ್ಲೂ ಬೇಸಿಗೆಯಲ್ಲಿ ಎಮ್ಮೆಗಳು ನಡುಮಧ್ಯೆ ನಿಂತೇ ಇರುತ್ತಿದ್ದವು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿ ಮೇಲಿದೆ ಎಂದು ಭೂಗೋಳದ ಮೇಷ್ಟ್ರು ಹೆಮ್ಮೆಯಿಂದ ಹೇಳಿದ್ದು ನನ್ನ ತಲೆಯೊಳಗೆ ಬೇರೆ ರೀತಿಯಲ್ಲಿ ಕೂತಿತ್ತು. ಮದರಾಸಿಗೆ ಹೋಗುವುದೆಂದರೆ ಮೂರು ಸಾವಿರ ಅಡಿ ಇಳಿಜಾರಿನಲ್ಲಿ ಜಾರಿ ನೀರಿನ ಅಂಚಿಗೆ ಬಂದು ನಿಲ್ಲುವುದು. ನಿಲ್ಲದಿದ್ದರೆ? ಈ ಪ್ರಶ್ನೆಯನ್ನು ಮೇಷ್ಟ್ರನ್ನು ಕೇಳಿರಲಿಲ್ಲ.

ಅದರ ಮೇಲೆ ಕಾಲವೂ ಎಂಥದ್ದು! ಸಂಸ್ಕೃತ ಪಾಠದಲ್ಲಿ ಶರದೃತುವೆಂದರೆ ತೊಳೆದಿಟ್ಟ ಆಕಾಶ, ಹಿಂಜಿದ ಹತ್ತಿಯಂಥ ಮೋಡ, ತಿಳಿಗೊಳದಲ್ಲಿ ಹಂಸ. ಅದನ್ನು ಬರೆದ ಮಹಾನುಭಾವರು ಯಾರೂ ಆ ತಿಂಗಳಲ್ಲಿ ಮದರಾಸಿನಲ್ಲಿ ಮನೆ ಮಾಡಿದವರಲ್ಲ. ನಮ್ಮ ಮಳೆಗಾಲ ಬಾಗಿಲು ಹಾಕಿಕೊಂಡ ಮೇಲೆ ಮದರಾಸಿನದು ಬಾಗಿಲು ತೆರೆಯುತ್ತದೆ. ದಿನವೂ ಬೆಳಿಗ್ಗೆ ಅಡಿಗೆಮನೆಯ ಹೊಸಿಲ ಮೇಲೆ ಕೂತು ಅಮ್ಮನಿಗೆ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಬೆಸ್ತರು ಕಡಲಿಗೆ ಇಳಿಯಬಾರದು ಎಂಬ ಸುದ್ದಿಯನ್ನು ನಾನು ಯುದ್ಧದ ಸುದ್ದಿಯಂತೆ ಓದುತ್ತಿದ್ದೆ. ಅಮ್ಮ ಒಗ್ಗರಣೆ ಸೌಟನ್ನು ಹಾಗೇ ಹಿಡಿದು, “ಇನ್ನೊಂದ್ಸಲ ಓದು” ಎನ್ನುತ್ತಿದ್ದಳು. ನಾನು ಇನ್ನೂ ಚೆನ್ನಾಗಿ ಓದುತ್ತಿದ್ದೆ.

“ನಾವೇನು ಬೆಸ್ತರಾ?” ಎಂದು ಅಪ್ಪ ನಡುಮನೆಯಿಂದ ಕೂಗುತ್ತಿದ್ದರು. “ಸಮುದ್ರ ಎದ್ದು ಸ್ಟೇಷನ್ನಿಗೆ ಬರಲ್ಲ ಕಣೇ. ಟಿಕೆಟ್ ತಗೋಬೇಕಾಗತ್ತೆ ಅದಕ್ಕೂ.”

“ನಿಮಗೇನು, ತಮಾಷೆ. ಹೋಗೋರು ನಾವು” ಎಂದು ಅಮ್ಮ ಒಗ್ಗರಣೆ ಹಾಕುತ್ತಿದ್ದಳು.

ಇಲ್ಲಿ ಪರಸ್ಥಾನದ ವಿಷಯ ಹೇಳಬೇಕು. ಪ್ರಯಾಣಕ್ಕೆ ಒಳ್ಳೆಯ ಮುಹೂರ್ತ ಬುಧವಾರವಿದೆ, ರೈಲು ಶುಕ್ರವಾರದ್ದು ಎನ್ನೋಣ. ಆಗ ಬುಧವಾರದ ಮುಹೂರ್ತಕ್ಕೆ ಸರಿಯಾಗಿ ನಿಮ್ಮ ಸಾಮಾನಿನಲ್ಲಿ ಒಂದು ಗಂಟನ್ನು ನೆರೆಯವರ ಮನೆಯಲ್ಲಿ ಇಟ್ಟು ಬರಬೇಕು. ಅಲ್ಲಿಗೆ ನೀವು ಹೊರಟಂತೆ. ಕೋರ್ಟಿನಲ್ಲಿ ಕಕ್ಷಿಗಾರನ ಬದಲು ವಕೀಲ ನಿಲ್ಲುವ ಹಾಗೆ, ನಿಮ್ಮ ಬದಲು ಗಂಟು ಹೊರಟಿರುತ್ತದೆ. ಹಿಂದೆ ರಾಜರೂ ದಂಡಯಾತ್ರೆಗೆ ಮುಂಚೆ ಕತ್ತಿಯನ್ನೋ ಕೊಡೆಯನ್ನೋ ಹೀಗೆ ಮುಂದಾಗಿ ಕಳಿಸುತ್ತಿದ್ದರಂತೆ. ಆ ಕೊಡೆ ಹೋಗಿ ರಾಜ ಹೋಗದೆ ಉಳಿದದ್ದು ಎಷ್ಟು ಸಲವೋ, ಚರಿತ್ರೆಯ ಪುಸ್ತಕದಲ್ಲಿ ಇಲ್ಲ. ಆದರೆ ಒಂದು ನಿಯಮವಿದೆ. ಗಂಟು ಇಟ್ಟ ಮೂರು ದಿನದೊಳಗೆ ನೀವೂ ಹೊರಡಬೇಕು. ತಪ್ಪಿದರೆ ಮುಹೂರ್ತ ಹಾಳು, ಮತ್ತೆ ಪಂಚಾಂಗ ನೋಡಿ ಮತ್ತೆ ಗಂಟು ಇಡಬೇಕು.

ನಮ್ಮ ಗಂಟು ನಂಜಮ್ಮನ ಮನೆಗೆ ಹೋಯಿತು. ಜಯನಗರದ ನಮ್ಮ ಬೀದಿ ಮೊನ್ನೆಮೊನ್ನೆ ಎದ್ದದ್ದು. ಅದರ ಹಿಂದಿನ ಹಳೆಯ ಊರಿನವಳು ನಂಜಮ್ಮ. ನಮ್ಮ ಮನೆ ಇರುವ ಜಾಗದಲ್ಲೇ ಅವಳ ಮಾವ ರಾಗಿ ಬೆಳೆಯುತ್ತಿದ್ದನಂತೆ. ಹೊಲ ಬಡಾವಣೆಗೆ ಹೋದ ಮೇಲೆ ಎಮ್ಮೆ ಕಟ್ಟಿ ಬೀದಿಗೆಲ್ಲ ಹಾಲು ಹಾಕುತ್ತಿದ್ದಳು. ಗಂಟಿನಲ್ಲಿದ್ದದ್ದು ಮಗುವಿಗೆಂದು ಹರಿದು ಮಡಿಸಿದ ಹಳೆಯ ಸೀರೆಯ ತುಂಡುಗಳು, ಬಜೆ, ಬಾಣಂತಿ ಲೇಹ್ಯದ ಡಬ್ಬಿ. ಮೊದಲ ಸಲ ಇಟ್ಟ ಮಾರನೆಯ ದಿನವೇ ವಾಯುಭಾರ ಕುಸಿಯಿತು, ನಾವು ಹೊರಡಲಿಲ್ಲ. ಗಂಟು ಮನೆಗೆ ವಾಪಸು ಬಂತು, ಎಂಟು ದಿನದ ಮೇಲೆ ಮತ್ತೆ ಹೋಯಿತು. ಆ ಸಲ ರೈಲಿನ ದಿನ ಬೆಳಿಗ್ಗೆ ಅಮ್ಮನಿಗೆ ತಲೆ ಸುತ್ತು.

ಮೂರನೆಯ ಸಲ ಗಂಟನ್ನು ಹೊತ್ತುಕೊಂಡು ಹೋದಾಗ ನಂಜಮ್ಮ ನನ್ನನ್ನು ಕೊಟ್ಟಿಗೆಯ ಬಾಗಿಲಲ್ಲೇ ನಿಲ್ಲಿಸಿಕೊಂಡಳು. “ಏನವ್ವ ಬಿ.ಎ. ಅಮ್ಮಣ್ಣಿ, ನಿಮ್ ಗಂಟು ನಮ್ಮನೇಲೇ ಬಾಣಂತನ ಮುಗಿಸ್ಕಂಡ್ ಹೋಗೋ ಹಂಗೈತಲ್ಲ! ಅಲ್ಲಿ ಆ ಹೆಣ್ಮಗ ಬಾಗ್ಲು ನೋಡ್ಕಂಡ್ ಮನಗಿರ್ತದೆ.”

“ಸಮುದ್ರ ಉಕ್ತಿದೆ ನಂಜಮ್ಮ. ಪೇಪರ್‌ನಲ್ಲಿ ಬಂದಿದೆ.”

“ಸಮುದ್ರನಾ?” ಎಂದು ಅವಳು ನನ್ನನ್ನೇ ನೋಡಿದಳು. “ನಿಮ್ಮವ್ವ ಸಮುದ್ರಕ್ಕೆ ಹೆದ್ರೋ ಹೆಂಗಸಲ್ಲ ಕಣವ್ವ. ನಿಂಗೊತ್ತಿಲ್ವಾ?”

ಗೊತ್ತಿತ್ತು. ಗೊತ್ತಿದ್ದದ್ದನ್ನು ಜೋಡಿಸಿ ನೋಡಿರಲಿಲ್ಲ, ಅಷ್ಟೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ನಾನು ಆಗ ಹುಟ್ಟಿರಲಿಲ್ಲ. ಅವಳಿಗೂ ಹೀಗೆಯೇ ಕಾಲು ಊದಿತ್ತು. ಕೊನೆಯವರೆಗೂ ಅವಳ ಕೈ ಹಿಡಿದು ಪಕ್ಕದಲ್ಲಿ ಕೂತಿದ್ದವಳು ಅಮ್ಮ. ಆಮೇಲೆ ಅಮ್ಮ ಬಂಧುಬಳಗದ ಎಷ್ಟೋ ಬಾಣಂತನ ಮಾಡಿದಳು, ಎಣ್ಣೆ ಒತ್ತಿ ಎರೆದಳು, ಲೇಹ್ಯ ಕಾಯಿಸಿದಳು. ಆದರೆ ಹೆರಿಗೆಯ ಹೊತ್ತಿಗೆ ಮಾತ್ರ ಆ ಕೋಣೆಯ ಹತ್ತಿರ ಸುಳಿಯುತ್ತಿರಲಿಲ್ಲ. “ನನ್ನ ಕೈ ಆಗಿಬರಲ್ಲ” ಎಂದು ಒಮ್ಮೆ ಯಾರಿಗೋ ಹೇಳಿದ್ದನ್ನು ಕೇಳಿಸಿಕೊಂಡು, ನಾನು ಅದನ್ನು ಮಾಮೂಲಿ ಮಾತೆಂದು ಬಿಟ್ಟುಬಿಟ್ಟಿದ್ದೆ.

ಎರಡು ಸಂಪುಟ ತರ್ಕಶಾಸ್ತ್ರ ಓದಿದವಳಿಗೆ ಎಮ್ಮೆಯ ಕೊಟ್ಟಿಗೆಯ ಮುಂದೆ ನಿಂತು ತಿಳಿದದ್ದು ಇದು: ಹೆದರಿಕೆಗೆ ಒಂದು ಮರ್ಯಾದಸ್ಥ ಹೆಸರು ಬೇಕಾಗುತ್ತದೆ. ಅಮ್ಮನಿಗೆ ಸಿಕ್ಕಿರಲಿಲ್ಲ. ನಾನು ದಿನಾ ಬೆಳಿಗ್ಗೆ ಹೊಸಿಲ ಮೇಲೆ ಕೂತು, ದಪ್ಪಕ್ಷರದಲ್ಲಿ, ಒಂದನ್ನು ಒದಗಿಸುತ್ತಿದ್ದೆ.

ಮರುದಿನದಿಂದ ಪತ್ರಿಕೆಯಲ್ಲಿ ಹವೆಯ ಸುದ್ದಿ ಇರಲಿಲ್ಲ. ಇತ್ತು, ನಾನು ಓದಲಿಲ್ಲ. ಅದರ ಮಾರನೆಯ ದಿನ, ಅಂದರೆ ಗಂಟು ಇಟ್ಟ ಮೂರನೆಯ ದಿನ, ಭಾವನ ಕಾರ್ಡು ಬಂತು. ಡಾಕ್ಟರು ಹೆರಿಗೆಗೆ ಇನ್ನು ಹೆಚ್ಚು ದಿನ ಕಾಯುವುದಿಲ್ಲವಂತೆ, ವಿಶಾಲು ದಿನಕ್ಕೆ ನಾಲ್ಕು ಸಲ ಅಮ್ಮ ಹೊರಟರಾ ಎಂದು ಕೇಳುತ್ತಾಳೆ, ನಾನು ‘ಹೊರಟಿದ್ದಾರೆ’ ಎನ್ನುತ್ತಿದ್ದೇನೆ, ಎಂದು ಬರೆದಿದ್ದರು. ಅಪ್ಪ ಕಾರ್ಡನ್ನು ಗಟ್ಟಿಯಾಗಿ ಓದಿ, ತಮಾಷೆ ಮಾಡದೆ, ಮೇಜಿನ ಮೇಲಿಟ್ಟರು. ಅಮ್ಮ ಪಂಚಾಂಗ ತೆಗೆದಳು. “ಇವತ್ತು ಮಧ್ಯಾಹ್ನದ ರೈಲು ಆಗಲ್ಲ, ರಾಹುಕಾಲ ಅಡ್ಡ ಬರತ್ತೆ. ಸೋಮವಾರ ನೋಡೋಣ.”

ಅಷ್ಟರಲ್ಲಿ ಬೀದಿಯಲ್ಲಿ ನಂಜಮ್ಮನ ದನಿ. ಹೊರಗೆ ಬಂದು ನೋಡಿದರೆ, ಅವಳು ತಲೆಯ ಮೇಲೆ ನಮ್ಮ ಗಂಟು ಹೊತ್ತು ಬಸ್ ನಿಲ್ಲುವ ಕಡೆಗೆ ಹೋಗುತ್ತಿದ್ದಾಳೆ. ಕಾರ್ಡಿನ ಸುದ್ದಿ ಅವಳಿಗೆ ಯಾರು ಮುಟ್ಟಿಸಿದರೋ. ನಾನೇ ಇರಬಹುದು, ನೆನಪಿಲ್ಲ. “ಗಂಟು ಹೊರಟೋಯ್ತು ಅಮ್ಮಾವ್ರೇ! ಗಂಟು ಹೋದ್ರೆ ನೀವ್ ಹೋದಂಗೆ ಅಂತ ನೀವೇ ಹೇಳಿದ್ದು. ನೀವು ಹಿಂದ್ಗಡೆ ಬತ್ತೀರೋ, ಅದೊಂದ್ನೇ ಟೇಸನ್ನಿಗೆ ಕಳಿಸ್ಲೋ?”

ಅಮ್ಮ ಕಟಕಟೆಯಲ್ಲಿ ನಿಂತವಳಂತೆ ಜಗಲಿಯ ಮೇಲೆ ನಿಂತಳು. ಶಾಸ್ತ್ರದ ಪ್ರಕಾರ ನಂಜಮ್ಮನ ವಾದಕ್ಕೆ ಎದುರುವಾದವಿರಲಿಲ್ಲ. ಮುಹೂರ್ತ ಇನ್ನೂ ಜೀವಂತವಿತ್ತು. ಗಂಟು ನಮಗಿಂತ ಮುಂದೆ ಇತ್ತು. ಅಮ್ಮ ಒಳಗೆ ಹೋಗಿ ಸೀರೆ ಬದಲಾಯಿಸಿ, ದೇವರಿಗೆ ಕೈಮುಗಿದು, ನನ್ನ ಕಡೆ ನೋಡದೆ, “ಛತ್ರಿ ತಗೋ” ಎಂದಳು.

ರೈಲು ಇಳಿಜಾರಿನಲ್ಲಿ ಜಾರಲಿಲ್ಲ. ಇಳಿದದ್ದೇ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಅಮ್ಮ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಎರಡೂ ಕೈ ಊರಿ ಕೂತಿದ್ದಳು. ನಾನು ಹದಿನೈದು ದಿನ ಹೆದರಿದ್ದ ಸಮುದ್ರವನ್ನು ಆ ಸಲ ನೋಡಲೇ ಇಲ್ಲ. ಸುರಿವ ಮಳೆಯಲ್ಲಿ ಸ್ಟೇಷನ್ನಿನಿಂದ ನೇರ ನರ್ಸಿಂಗ್ ಹೋಮಿಗೆ ಹೋದೆವು. ವಿಶಾಲುವನ್ನು ಆಗಲೇ ಒಳಗೆ ಕರೆದುಕೊಂಡು ಹೋಗಿದ್ದರು. ಆ ಡಾಕ್ಟರಮ್ಮ ಬಾಗಿಲಿಗೆ ಬಂದು, “ತಾಯಿ ಬರಬಹುದು” ಎಂದರು. ಅಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು.

“ಹೋಗಮ್ಮ” ಎಂದೆ.

“ಬಿಸಿನೀರು ಬೇಕಾಗತ್ತೆ. ಫ್ಲಾಸ್ಕ್ ತುಂಬಿಸ್ಕೊಂಡ್ ಬಾ” ಎಂದಳು.

ನೀರು ಹುಡುಕಿ ಬರುವುದಕ್ಕೆ ಎಷ್ಟು ಹೊತ್ತಾಯಿತೋ ತಿಳಿಯದು. ನಾನು ಹೋಗುವಾಗ ಅಮ್ಮ ಬೆಂಚಿನ ಮೇಲಿದ್ದಳು. ಬಂದಾಗಲೂ ಬೆಂಚಿನ ಮೇಲೆಯೇ ಇದ್ದಳು. ಮಧ್ಯೆ ಅಕ್ಕನಿಗೆ ಮಗಳು ಹುಟ್ಟಿದ್ದಳು. ತಾಯಿ ಮಗು ಇಬ್ಬರೂ ಕ್ಷೇಮ. ಅಮ್ಮ ಪೂರ್ತಿ ಬೆವರಿದ್ದಳು. ಅದು ಮದರಾಸು, ಅಲ್ಲಿ ಎಲ್ಲರೂ ಬೆವರುತ್ತಾರೆ.

ಅಮ್ಮ ಒಳಗೆ ಬಂದು ಕೈ ಹಿಡಿದುಕೊಂಡಿದ್ದಳು ಎಂದು ವಿಶಾಲು ಇವತ್ತಿಗೂ ಹೇಳುತ್ತಾಳೆ. ನರ್ಸಿನ ಕೈ ಇದ್ದೀತು ಎಂದು ನಾನು. “ತಾಯಿ ಕೈ ಯಾವುದು, ನರ್ಸ್ ಕೈ ಯಾವುದು ಅಂತ ಗೊತ್ತಾಗಲ್ವೇನೇ ನಂಗೆ?” ಎಂದು ರೇಗುತ್ತಾಳೆ. ನೋವಿನಲ್ಲಿದ್ದವಳ ನೆನಪನ್ನು ನಂಬಬೇಕೋ, ಫ್ಲಾಸ್ಕು ಹಿಡಿದು ಅಲೆಯುತ್ತಿದ್ದವಳದ್ದನ್ನೋ? ನಿಜ ಗೊತ್ತಿರುವುದು ಅಮ್ಮನೊಬ್ಬಳಿಗೆ. ಅವಳು ಎರಡನ್ನೂ ಒಪ್ಪುವುದಿಲ್ಲ, ಎರಡನ್ನೂ ಅಲ್ಲಗಳೆಯುವುದಿಲ್ಲ.

ಇಷ್ಟು ವರ್ಷ ಇದೊಂದು ಮನೆಯ ತಮಾಷೆಯಾಗಿತ್ತು. ಈಗ ನನಗೆ ಎಂಟನೆಯ ತಿಂಗಳು. ಹೆರಿಗೆಗೆಂದು ಅಮ್ಮನ ಮನೆಗೆ ಬಂದಿದ್ದೇನೆ. ನಾನು ಹೋಗಬೇಕಾದ ನರ್ಸಿಂಗ್ ಹೋಮು ಇಲ್ಲಿಂದ ನಾಲ್ಕು ಬೀದಿ ಆಚೆ, ರೈಲಿಲ್ಲ, ಕಡಲಿಲ್ಲ. ಹೋದ ವಾರದಿಂದ ನನ್ನ ಕಾಲೂ ಸ್ವಲ್ಪ ಊದುತ್ತಿದೆ. ಅಮ್ಮ ದಿನಾ ಬೆಳಿಗ್ಗೆ ನನ್ನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಒಳಗೆ ಹೋಗುತ್ತಾಳೆ. ಆ ಕೈ ಬೆಚ್ಚಗಿರುತ್ತದೆ, ಸ್ವಲ್ಪ ಒರಟು, ಬೇರೆ ಯಾರದ್ದೆಂದು ತಪ್ಪಾಗಿ ತಿಳಿಯುವಂಥದ್ದಲ್ಲ. ವಿಶಾಲು ಹೇಳಿದ್ದು ನಿಜವಿದ್ದರೂ ಇರಬಹುದು ಎಂದು ಈಗ ಅನ್ನಿಸುತ್ತದೆ. ಆದರೆ ಈಗ ನನಗೆ ಅನ್ನಿಸುವುದೆಲ್ಲ ನನಗೆ ಬೇಕಾದದ್ದೇ ಇರುವುದರಿಂದ ಅದನ್ನೂ ನಂಬುವುದು ಕಷ್ಟ.

ನಿನ್ನೆ ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. ಅವಳು ಮೊರವನ್ನು ಬೆಳಕಿಗೆ ತಿರುಗಿಸಿಕೊಂಡು, ಇಲ್ಲದ ಕಲ್ಲನ್ನು ಹುಡುಕತೊಡಗಿದಳು. ನಾನು ಕೇಳಿದ್ದು ಹಿಂದಿನದನ್ನಲ್ಲ.

“ಅಮ್ಮ, ನನ್ನ ಸರದಿ ಬಂದಾಗ ನೀನು ಬಾಗಿಲಿನ ಯಾವ ಕಡೆ ಇರ್ತೀಯ?”